ನಮಗಾಗಿ ವ್ಯವಹರಿಸುವ ಯಂತ್ರಪ್ರತಿನಿಧಿ

ಸಂಜೆಯ ಹೊತ್ತು ನಿಮ್ಮ ತಾಯಿಯವರು ನಿಮ್ಮ ಕೈಗೆ ಒಂದು ಚೀಟಿಯನ್ನೂ ಇನ್ನೂರು ರೂಪಾಯಿಗಳನ್ನೂ ಕೊಟ್ಟು ಅಂಗಡಿಗೆ ಕಳುಹಿಸಿದರೆಂದು ಭಾವಿಸಿರಿ. ಚೀಟಿಯಲ್ಲಿ 'ಉದ್ದಿನ ಬೇಳೆ ಒಂದು ಕಿಲೋ' ಎಂದಿಷ್ಟೇ ಬರೆದಿದೆ. ಅಂಗಡಿಯವನು ಅದನ್ನು ನೋಡಿ ಬೇಳೆ ಕಟ್ಟಿಕೊಟ್ಟನೆಂದರೆ ನಿಮ್ಮ ಕೆಲಸ ಮುಗಿಯಿತು. ಆದರೆ ಆ ದಿನ ಬೇಳೆ ತೀರಿಹೋಗಿ, ಸಿಪ್ಪೆ ಸಹಿತವಾದ ಇಡೀ ಉದ್ದು ಮಾತ್ರ ಉಳಿದಿದೆ. ಆಗ ನೀವೇನು ಮಾಡುವಿರಿ? ಬರಿಗೈಯಲ್ಲಿ ಹಿಂದಿರುಗುವಿರಾ? ನಾಳೆಯ ಇಡ್ಲಿಗೆ ಈ ರಾತ್ರಿಯೇ ರುಬ್ಬಬೇಕಲ್ಲವೇ ಎಂದು ನೆನೆದು ಇಡೀ ಉದ್ದನ್ನೇ ಕೊಳ್ಳುವಿರಾ? ಅಥವಾ ಎರಡು ಗಲ್ಲಿ ದಾಟಿ, ಬೇರೊಂದು ಅಂಗಡಿಯಲ್ಲಿ ಇಪ್ಪತ್ತು ರೂಪಾಯಿ ಹೆಚ್ಚು ತೆತ್ತು ಬೇಳೆಯನ್ನೇ ತರುವಿರಾ? ಚೀಟಿಯಲ್ಲಿ ಇದಾವುದಕ್ಕೂ ಉತ್ತರವಿಲ್ಲ.

ಒಬ್ಬರ ಪರವಾಗಿ ಮತ್ತೊಬ್ಬರು ವ್ಯವಹರಿಸುವ ಕಡೆಯಲ್ಲೆಲ್ಲ ಈ ತೊಡಕು ಇದ್ದೇ ಇದೆ. ಕಳುಹಿಸಿದವರು ಎಲ್ಲವನ್ನೂ ಮುಂದಾಗಿ ಹೇಳಿ ಮುಗಿಸಲಾರರು. ಹೋದವನು ಪ್ರತಿಯೊಂದನ್ನೂ ಹಿಂದಿರುಗಿ ಬಂದು ಕೇಳಲಾರನು. ಇಂದು ಈ ಹೋಗುವವನ ಸ್ಥಾನದಲ್ಲಿ ಗಣಕಯಂತ್ರದ ತಂತ್ರಾಂಶವೊಂದು ಬಂದು ನಿಂತಿದೆ. ನಮ್ಮ ಹೆಸರಿನಲ್ಲಿ ಅಂತರ್ಜಾಲದಲ್ಲಿ ಸಂಚರಿಸಿ, ಬಂದ ಪತ್ರಗಳಿಗೆ ಉತ್ತರ ಬರೆದು, ಬೆಲೆ ವಿಚಾರಿಸಿ, ಟಿಕೆಟು ಕಾದಿರಿಸಿ, ಹಣವನ್ನು ಸಹ ಪಾವತಿ ಮಾಡಬಲ್ಲ ಈ ವಸ್ತುವಿಗೆ 'ಏಜೆಂಟ್' ಎಂಬ ಹೆಸರು ರೂಢಿಯಾಗಿದೆ. ನಾವು ಈ ಪಾಠದಲ್ಲಿ ಅದನ್ನು ಯಂತ್ರಪ್ರತಿನಿಧಿ ಎಂದು ಕರೆಯೋಣ.

ವಸ್ತುವು ಹೊಸದು, ಪ್ರಶ್ನೆಯು ಮಾತ್ರ ಬಹು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರವೆಂಬ ಗ್ರಂಥದ ಹೆಸರನ್ನು ನೀವು ಇತಿಹಾಸದ ತರಗತಿಯಲ್ಲಿ ಕೇಳಿದ್ದೀರಷ್ಟೆ. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಯೋಲೆಯ ಪ್ರತಿಯು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದಿತು. ಅವರು ಅದನ್ನು ೧೯೦೯ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟರು. ಅದರ ಮೊದಲನೆಯ ಅಧಿಕರಣದಲ್ಲಿ ದೂತರ ವಿಚಾರವಾಗಿ ಒಂದು ಅಧ್ಯಾಯವಿದೆ. ಅಲ್ಲಿ ದೂತರನ್ನು ಮೂರು ಬಗೆಯವರೆಂದು ಎಣಿಸಿದೆ. ಮೊದಲನೆಯವನು ನಿಸೃಷ್ಟಾರ್ಥ: ಇವನಿಗೆ ಕಾರ್ಯವನ್ನೇ ಒಪ್ಪಿಸಿಬಿಟ್ಟಿದೆ, ಸಮಯವನ್ನು ನೋಡಿ ತಾನೇ ಮಾತುಕತೆ ನಡೆಸಬಲ್ಲನು, ನಿರ್ಧರಿಸಬಲ್ಲನು. ಎರಡನೆಯವನು ಪರಿಮಿತಾರ್ಥ: ಇವನಿಗೆ ಒಂದು ಮೇರೆಯನ್ನು ಹಾಕಿಕೊಟ್ಟಿದೆ, ಅದರೊಳಗೆ ಸ್ವತಂತ್ರನು, ಅದರಾಚೆಗೆ ಅಲ್ಲ. ಮೂರನೆಯವನು ಶಾಸನಹರ: ಒಡೆಯನ ಓಲೆಯನ್ನು ಒಯ್ದು ಮುಟ್ಟಿಸುವುದಷ್ಟೇ ಇವನ ಕೆಲಸ. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದುಂಟು. ನಿಸೃಷ್ಟಾರ್ಥನಿಗೆ ಅಮಾತ್ಯನಿಗಿರಬೇಕಾದ ಗುಣಗಳೆಲ್ಲ ಇರಬೇಕು. ಪರಿಮಿತಾರ್ಥನಲ್ಲಿ ಅವುಗಳಲ್ಲಿ ಕಾಲುಭಾಗ ಕಡಮೆಯಾದರೂ ಸಾಗುತ್ತದೆ. ಶಾಸನಹರನಿಗೆ ಅರ್ಧವಿದ್ದರೆ ಸಾಕು. ಎಂದರೆ ಅಧಿಕಾರದ ಅಳತೆಯು ಯೋಗ್ಯತೆಯ ಅಳತೆಯೊಡನೆ ಹೆಣೆದುಕೊಂಡಿದೆ.

ಚೀಟಿ ಹಿಡಿದು ಹೋದ ನೀವು ಶಾಸನಹರರೋ, ಪರಿಮಿತಾರ್ಥರೋ? ಇದನ್ನು ನಿಮ್ಮ ತಾಯಿಯವರೇ ಹೇಳಬೇಕು. ಸೀತೆಯನ್ನು ಹುಡುಕಲು ಹೋದ ಹನುಮಂತನಿಗೆ ಲಂಕೆಯನ್ನು ಸುಡೆಂದು ರಾಮನು ಹೇಳಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು.

ಈಗ ಯಂತ್ರಕ್ಕೆ ಬರೋಣ. ಅಂತರ್ಜಾಲದ ಮೊದಲ ದಿನಗಳ ಯಂತ್ರಪ್ರತಿನಿಧಿಗಳು ಬಹು ಸರಳವಾದವು. ೧೯೯೫ರಲ್ಲಿ ಅಮೆರಿಕದಲ್ಲಿ ಆರಂಭವಾದ ಈಬೇ ಎಂಬ ಹರಾಜು ತಾಣವನ್ನು ತೆಗೆದುಕೊಳ್ಳಿರಿ. ಹರಾಜು ದಿನಗಟ್ಟಲೆ ನಡೆಯುತ್ತದೆ. ಹಗಲೂ ರಾತ್ರಿಯೂ ಅದರ ಮುಂದೆ ಕುಳಿತಿರಲು ಯಾರಿಗೂ ಆಗದು. ಆದುದರಿಂದ ಕೊಳ್ಳುವವನು ತಾನು ಕೊಡಬಲ್ಲ ಪರಮಾವಧಿ ಬೆಲೆಯನ್ನು ಮಾತ್ರ ಯಂತ್ರದ ಕಿವಿಯಲ್ಲಿ ಉಸಿರಿ ಹೋಗುತ್ತಾನೆ. ಅವನ ಪರಮಾವಧಿಯು ಐನೂರು ಎನ್ನೋಣ. ಎದುರಾಳಿಯು ಮುನ್ನೂರು ಎಂದರೆ ಯಂತ್ರವು ಅವನ ಪರವಾಗಿ ಮುನ್ನೂರ ಹತ್ತು ಎನ್ನುತ್ತದೆ. ಮುನ್ನೂರ ಐವತ್ತು ಎಂದರೆ ಮುನ್ನೂರ ಅರುವತ್ತು ಎನ್ನುತ್ತದೆ. ಐನೂರನ್ನು ದಾಟಿದೊಡನೆ ಬಾಯಿ ಮುಚ್ಚುತ್ತದೆ. ಒಡೆಯನ ಗುಟ್ಟನ್ನು ಕಾಯುವುದು, ಮೇರೆಯನ್ನು ಮೀರದಿರುವುದು ಎಂಬ ಎರಡು ಗುಣಗಳು ಇದರಲ್ಲಿವೆ. ಒಳ್ಳೆಯ ಪರಿಮಿತಾರ್ಥನೇ ಸರಿ.

ಮೇರೆಯನ್ನು ಹಾಕಲು ಮರೆತರೆ ಏನಾಗುತ್ತದೆಂಬುದಕ್ಕೆ ೨೦೧೧ರ ಏಪ್ರಿಲ್ ತಿಂಗಳಿನ ಒಂದು ಪ್ರಸಂಗವಿದೆ. ಗಣಿತದಲ್ಲಿ ಆಸಕ್ತಿಯುಳ್ಳವರು ಪೆನ್ಸಿಲು ಹಿಡಿದು ಓದಿರಿ.

ಅಮೆಜಾನ್ ಎಂಬ ಅಂಗಡಿತಾಣದಲ್ಲಿ ಪೀಟರ್ ಲಾರೆನ್ಸ್ ಎಂಬ ವಿಜ್ಞಾನಿಯು ನೊಣದ ಬೆಳವಣಿಗೆಯನ್ನು ಕುರಿತು ಬರೆದ ಹಳೆಯ ಪುಸ್ತಕವೊಂದರ ಹೊಸ ಪ್ರತಿಗಳನ್ನು ಇಬ್ಬರು ವ್ಯಾಪಾರಿಗಳು ಮಾರಾಟಕ್ಕೆ ಇಟ್ಟಿದ್ದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಮೈಕೇಲ್ ಐಸನ್ ಎಂಬ ಜೀವವಿಜ್ಞಾನಿಯ ಪ್ರಯೋಗಶಾಲೆಯವರು ಅದನ್ನು ಕೊಳ್ಳಲು ಹೋದಾಗ ಕಂಡ ಬೆಲೆ ಹದಿನೇಳು ಲಕ್ಷ ಡಾಲರುಗಳು! ಇನ್ನೊಬ್ಬನ ಬೆಲೆ ಇಪ್ಪತ್ತೊಂದು ಲಕ್ಷಕ್ಕೂ ಮಿಗಿಲು. ಐಸನ್ನನು ದಿನದಿನವೂ ಬೆಲೆಗಳನ್ನು ಬರೆದಿಟ್ಟುಕೊಂಡು ಲೆಕ್ಕ ಹಾಕಿದನು. ಆಗ ಗುಟ್ಟು ಹೊರಬಿತ್ತು. ಮೊದಲನೆಯ ವ್ಯಾಪಾರಿಯ ಯಂತ್ರವು ದಿನಕ್ಕೊಮ್ಮೆ ಎದುರಾಳಿಯ ಬೆಲೆಯನ್ನು ನೋಡಿ, ಅದನ್ನು ೦.೯೯೮೩ರಿಂದ ಗುಣಿಸಿ ತನ್ನ ಬೆಲೆಯನ್ನು ನಿಗದಿಮಾಡುತ್ತಿತ್ತು. ಎದುರಾಳಿಗಿಂತ ಕೊಂಚವೇ ಅಗ್ಗವಾಗಿರಬೇಕೆಂಬುದು ಅದರ ಉದ್ದೇಶ. ಎರಡನೆಯವನ ಯಂತ್ರವು ಮೊದಲನೆಯವನ ಬೆಲೆಯನ್ನು ನೋಡಿ ಅದನ್ನು ೧.೨೭೦೫೮೯ರಿಂದ ಗುಣಿಸುತ್ತಿತ್ತು. ಇದೇಕೆಂದರೆ, ಪ್ರಾಯಶಃ ಅವನ ಬಳಿ ಪುಸ್ತಕವೇ ಇರಲಿಲ್ಲ. ಗಿರಾಕಿ ಬಂದರೆ ಮೊದಲನೆಯವನಿಂದ ಕೊಂಡು, ಲಾಭವಿಟ್ಟು ಕೊಡುವ ಹವಣಿಕೆ ಅವನದೆಂದು ಐಸನ್ನನು ಊಹಿಸಿದನು.

ಎರಡು ನಿಯಮಗಳನ್ನು ಬೇರೆಬೇರೆಯಾಗಿ ನೋಡಿದರೆ ಎರಡರಲ್ಲಿಯೂ ದೋಷವಿಲ್ಲ. ಕೂಡಿಸಿ ನೋಡಿರಿ: ೦.೯೯೮೩ನ್ನು ೧.೨೭೦೫೮೯ರಿಂದ ಗುಣಿಸಿದರೆ ಸುಮಾರು ೧.೨೬೮೪ ಬರುತ್ತದೆ. ಎಂದರೆ ಪ್ರತಿಯೊಂದು ಸುತ್ತಿಗೂ ಬೆಲೆಯು ಶೇಕಡಾ ೨೭ರಷ್ಟು ಏರಲೇಬೇಕು. ನೂರರಿಂದ ಆರಂಭಿಸಿದರೆ ಹತ್ತು ಸುತ್ತುಗಳಲ್ಲಿ ಅದು ಸಾವಿರವನ್ನು ದಾಟುತ್ತದೆ. ಐವತ್ತೆರಡು ಸುತ್ತುಗಳಲ್ಲಿ ಎರಡು ಕೋಟಿಯನ್ನು ಮೀರುತ್ತದೆ. ಚಕ್ರಬಡ್ಡಿಯ ಲೆಕ್ಕವನ್ನು ಕಲಿತ ನಿಮಗೆ ಇದು ಹೊಸದಲ್ಲ. ಏಪ್ರಿಲ್ ೧೮ರಂದು ಪುಸ್ತಕದ ಬೆಲೆ ೨,೩೬,೯೮,೬೫೫ ಡಾಲರುಗಳಿಗೆ ಮುಟ್ಟಿತು, ಅಂಚೆವೆಚ್ಚ ಬೇರೆ! ಆಮೇಲೆ ಯಾರೋ ಮನುಷ್ಯರ ಕಣ್ಣು ಅದರ ಮೇಲೆ ಬಿದ್ದಿರಬೇಕು; ಮೊದಲನೆಯವನ ಬೆಲೆ ಒಮ್ಮೆಗೇ ಸುಮಾರು ೧೦೬ ಡಾಲರಿಗೆ ಇಳಿಯಿತು. ಈ ಕಥೆಯಲ್ಲಿ ಯಾರೂ ಮೋಸಗಾರರಲ್ಲ, ಯಾವ ಯಂತ್ರವೂ ಕೆಟ್ಟಿರಲಿಲ್ಲ. ಆ ಎರಡು ಪ್ರತಿನಿಧಿಗಳು ತಮಗೆ ಹೇಳಿದ ಕೆಲಸವನ್ನು ಕೂದಲೆಳೆಯಷ್ಟೂ ತಪ್ಪದೆ ಮಾಡಿದವು. ಇಂಥ ಬೆಲೆಗೆ ಯಾರು ಕೊಂಡಾರು ಎಂದು ಕೇಳಿಕೊಳ್ಳುವ ಶಕ್ತಿಯೊಂದು ಅವುಗಳಲ್ಲಿರಲಿಲ್ಲ. ಪುಸ್ತಕದ ಪ್ರಸಂಗದಲ್ಲಿ ಯಾರಿಗೂ ನಷ್ಟವಾಗಲಿಲ್ಲ. ಆದರೆ ೨೦೧೨ರ ಆಗಸ್ಟ್ ೧ರಂದು ನ್ಯೂಯಾರ್ಕಿನ ಷೇರುಪೇಟೆಯಲ್ಲಿ ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಯ ಯಂತ್ರಗಳು ದೋಷದಿಂದಾಗಿ ತಡೆಯಿಲ್ಲದೆ ಕೊಳ್ಳುತ್ತ ಮಾರುತ್ತ ಹೋಗಿ, ಮುಕ್ಕಾಲು ಗಂಟೆಯೊಳಗೆ ಒಡೆಯನಿಗೆ ಸುಮಾರು ೪೪ ಕೋಟಿ ಡಾಲರುಗಳ ನಷ್ಟವನ್ನುಂಟುಮಾಡಿದವು.

ಹಾಗಾದರೆ ಯಂತ್ರಕ್ಕೆ ವಿವೇಕವನ್ನು ಕಲಿಸಬಹುದೇ? ಅಮೆರಿಕದ ಎಂ.ಐ.ಟಿ. ಎಂಬ ವಿದ್ಯಾಸಂಸ್ಥೆಯಲ್ಲಿದ್ದ ಪ್ಯಾಟಿ ಮೇಸ್ ಎಂಬ ವಿದುಷಿಯು ೧೯೯೪ರಲ್ಲಿ ಈ ವಿಷಯವಾಗಿ ಪ್ರಕಟಿಸಿದ ಲೇಖನವು ಪ್ರಸಿದ್ಧವಾಗಿದೆ. ಆಕೆಯ ಯಂತ್ರಪ್ರತಿನಿಧಿಯು ಹೊಸದಾಗಿ ಸೇರಿದ ಗುಮಾಸ್ತನಂತೆ ಒಡೆಯನ ಹೆಗಲ ಮೇಲಿಂದ ಇಣುಕಿ ನೋಡುತ್ತ ಕಲಿಯುತ್ತದೆ: ಯಾರ ಪತ್ರವನ್ನು ಇವರು ಮೊದಲು ಓದುತ್ತಾರೆ, ಯಾವುದನ್ನು ಓದದೆ ಎಸೆಯುತ್ತಾರೆ, ಯಾವ ವೇಳೆಯಲ್ಲಿ ಯಾರ ಭೇಟಿಗೂ ಒಪ್ಪುವುದಿಲ್ಲ. ಕಲಿತದ್ದರ ಮೇಲೆ ಅದು ಮುಂದಿನ ಕೆಲಸವನ್ನು ಊಹಿಸುತ್ತದೆ. ತನ್ನ ಊಹೆಯಲ್ಲಿ ತನಗೆಷ್ಟು ಭರವಸೆ ಎಂಬುದನ್ನೂ ಅಂಕಿಯಲ್ಲಿ ಎಣಿಸುತ್ತದೆ. ಒಡೆಯನು ಎರಡು ಗೆರೆಗಳನ್ನು ಎಳೆದಿರುತ್ತಾನೆ. ಭರವಸೆಯು ಮೇಲಿನ ಗೆರೆಯನ್ನು ದಾಟಿದರೆ ಕೆಲಸವನ್ನು ಮಾಡಿಬಿಡಬಹುದು; ಎರಡು ಗೆರೆಗಳ ನಡುವೆ ಇದ್ದರೆ, 'ಹೀಗೆ ಮಾಡಲೇ?' ಎಂದು ಕೇಳಬೇಕು; ಕೆಳಗಿನ ಗೆರೆಯನ್ನೂ ಮುಟ್ಟದಿದ್ದರೆ ಸುಮ್ಮನಿರಬೇಕು. ಗೆರೆಗಳನ್ನು ಎಲ್ಲಿ ಎಳೆಯಬೇಕೆಂಬುದು ಒಡೆಯನಿಗೆ ಬಿಟ್ಟದ್ದು. ಪರಿಚಯವು ಬೆಳೆದಂತೆ ಗೆರೆಯನ್ನು ಇಳಿಸುತ್ತ ಬರಬಹುದು. ಅಂಗಡಿಯ ಮಾಲೀಕನು ಹೊಸ ಹುಡುಗನನ್ನು ಮೊದಲ ದಿನವೇ ಗಲ್ಲಾದ ಮೇಲೆ ಕೂರಿಸುವುದಿಲ್ಲವಷ್ಟೆ; ನಮ್ಮ ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಎಷ್ಟೋ ಮಂದಿ ಲೋಟ ತೊಳೆಯುವಲ್ಲಿಂದ ಆರಂಭಿಸಿ ವರ್ಷಗಳ ಮೇಲೆ ಗಲ್ಲಾದ ಮೇಲೆ ಕುಳಿತವರು. ನನ್ನ ಮಟ್ಟಿಗೆ ಹೇಳುವುದಾದರೆ, ಈ ವಿಷಯದಲ್ಲಿ ನಾನು ಓದಿದುದರಲ್ಲೆಲ್ಲ ಈ ಎರಡು ಗೆರೆಗಳ ಮಾತೇ ಹೆಚ್ಚು ಬೆಲೆಯುಳ್ಳದ್ದು.

ಇತ್ತೀಚಿನ ಯಂತ್ರಪ್ರತಿನಿಧಿಯು ಇವೆಲ್ಲಕ್ಕಿಂತ ಬೇರೆಯಾದುದು. ಅಪಾರವಾದ ಬರಹರಾಶಿಯನ್ನು ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರಬೇಕೆಂಬುದನ್ನು ಕಲಿಸಿದ ಭಾಷಾಯಂತ್ರವೇ ಅದರ ಮೂಲ. ಆ ಭಾಷಾಯಂತ್ರಕ್ಕೆ ಅಂತರ್ಜಾಲದ ಪುಟವನ್ನು ನೋಡುವ ಕಣ್ಣನ್ನೂ ಗುಂಡಿಯನ್ನು ಒತ್ತುವ ಕೈಯನ್ನೂ ಜೋಡಿಸಿದರೆ ಪ್ರತಿನಿಧಿಯು ಸಿದ್ಧವಾಯಿತು. ೨೦೨೪ರ ಅಕ್ಟೋಬರಿನಲ್ಲಿ ಆಂತ್ರೋಪಿಕ್ ಎಂಬ ಸಂಸ್ಥೆಯೂ ೨೦೨೫ರ ಜನವರಿಯಲ್ಲಿ ಓಪನ್‌ಎಐ ಎಂಬ ಸಂಸ್ಥೆಯೂ ಇಂತಹವನ್ನು ಜನರ ಮುಂದಿಟ್ಟವು. ಇದರ ಕೆಲಸದ ಕ್ರಮವು ಹೀಗೆ: ಗುರಿಯನ್ನು ಮಾತಿನಲ್ಲಿ ಹೇಳಬೇಕು; ಯಂತ್ರವು ಪರದೆಯನ್ನು ನೋಡುತ್ತದೆ, ಮುಂದಿನ ಒಂದು ಹೆಜ್ಜೆಯನ್ನು ಗೊತ್ತುಮಾಡುತ್ತದೆ, ಆ ಹೆಜ್ಜೆಯನ್ನಿಡುತ್ತದೆ, ಫಲವೇನಾಯಿತೆಂದು ಮತ್ತೆ ನೋಡುತ್ತದೆ, ಮತ್ತೊಂದು ಹೆಜ್ಜೆಯನ್ನು ಗೊತ್ತುಮಾಡುತ್ತದೆ. ಗುರಿ ಮುಟ್ಟುವವರೆಗೆ ಈ ಸುತ್ತು ನಡೆಯುತ್ತಲೇ ಇರುತ್ತದೆ. ನೀವು ನಿಯಮವನ್ನು ಬರೆದುಕೊಡಬೇಕಾಗಿಲ್ಲ; ಇಂಗಿತವನ್ನು ತಿಳಿಸಿದರೆ ಸಾಕು. ಶಾಸನಹರನನ್ನು ಕರೆದು ನಿಸೃಷ್ಟಾರ್ಥನ ಪೀಠದಲ್ಲಿ ಕೂರಿಸಿದಂತಾಯಿತು.

ಅದಕ್ಕೆ ಅಮಾತ್ಯನ ಗುಣಗಳಿವೆಯೇ? ೨೦೨೫ರಲ್ಲಿ ಆಂತ್ರೋಪಿಕ್ ಸಂಸ್ಥೆಯವರೇ ಸಾನ್‌ಫ್ರಾನ್ಸಿಸ್ಕೋದ ತಮ್ಮ ಕಚೇರಿಯಲ್ಲಿ ಒಂದು ಪುಟ್ಟ ಅಂಗಡಿಯನ್ನು ಸುಮಾರು ಒಂದು ತಿಂಗಳು ತಮ್ಮ ಯಂತ್ರದ ವಶಕ್ಕೆ ಕೊಟ್ಟು ನೋಡಿದರು. ಸರಕು ತರಿಸುವುದರಲ್ಲಿ ಅದು ಚುರುಕಾಗಿತ್ತು. ಆದರೆ ಹದಿನೈದು ಡಾಲರಿಗೆ ದೊರೆಯುವ ಪಾನೀಯಕ್ಕೆ ನೂರು ಡಾಲರು ಕೊಡುವೆನೆಂದು ಗಿರಾಕಿಯೇ ಹೇಳಿದಾಗ, ಆ ಲಾಭವನ್ನು ಕೈಚಾಚಿ ತೆಗೆದುಕೊಳ್ಳಲಿಲ್ಲ. ಕೇಳಿದವರಿಗೆಲ್ಲ ರಿಯಾಯಿತಿ ಕೊಟ್ಟಿತು. ಲೋಹದ ಗಟ್ಟಿಗಳನ್ನು ಕೊಂಡ ಬೆಲೆಗಿಂತ ಕಡಮೆಗೆ ಮಾರಿತು. ತಿಂಗಳ ಕೊನೆಗೆ ಅಂಗಡಿಗೆ ನಷ್ಟ. ಫಲಿತಾಂಶವನ್ನು ಆ ಸಂಸ್ಥೆಯವರು ಮರೆಮಾಚದೆ ಪ್ರಕಟಿಸಿದರೆಂಬುದನ್ನು ಮೆಚ್ಚಬೇಕು.

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಕಳೆದ ಬೇಸಗೆಯ ರಜೆಯಲ್ಲಿ ಹುಬ್ಬಳ್ಳಿಗೆ ಹೋಗಬೇಕಾಗಿತ್ತು. ಇಂತಹ ಒಂದು ಯಂತ್ರಪ್ರತಿನಿಧಿಗೆ, 'ಮುಂದಿನ ಶುಕ್ರವಾರ ಹೊರಡುವ ಬಸ್ಸಿನಲ್ಲಿ ಎರಡು ಸೀಟು ಹುಡುಕು. ಹಣ ಕಟ್ಟಬೇಡ, ನನಗೆ ತೋರಿಸು' ಎಂದು ಹೇಳಿದೆನು. ಅದು ಚಕಚಕನೆ ಐದಾರು ಬಸ್ಸುಗಳನ್ನು ಹೋಲಿಸಿ, ಹೆಸರು ವಯಸ್ಸುಗಳನ್ನು ತುಂಬಿ, ಹಣ ಕಟ್ಟುವ ಪುಟದ ಹೊಸ್ತಿಲಿನಲ್ಲಿ ನಿಂತಿತು. ಹೆಂಡತಿಯು ಪಕ್ಕದಲ್ಲಿ ಬಂದು, "ರೀ, ಇದು ನಾಡಿದ್ದಿನ ಶುಕ್ರವಾರ ಅಲ್ಲವೇ? ನಾವು ಹೋಗುವುದು ಅದರಾಚೆಯ ವಾರ" ಎಂದಳು. ಬರುವ ಶುಕ್ರವಾರ ಯಾವುದು, ಮುಂದಿನ ಶುಕ್ರವಾರ ಯಾವುದು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿಯೇ ಒಮ್ಮತವಿಲ್ಲದಿರುವಾಗ ಯಂತ್ರವನ್ನು ಹಳಿದು ಫಲವೇನು? ಕೇಳಬೇಕೆಂದು ಅದಕ್ಕೆ ತೋರಲಿಲ್ಲ, ಅದೇ ಕೊರತೆ. ಹಣದ ಬಾಗಿಲಲ್ಲಿ ಗೆರೆ ಎಳೆದಿದ್ದುದರಿಂದ ದುಡ್ಡು ಉಳಿಯಿತು.

ಹಣದ ಬಾಗಿಲಿನ ಗೆರೆಯನ್ನು ನಮ್ಮ ರಿಸರ್ವ್ ಬ್ಯಾಂಕೂ ಬಲ್ಲದು. ವಿದ್ಯುತ್ತಿನ ಬಿಲ್ಲು, ವಿಮೆಯ ಕಂತು ಮೊದಲಾದವನ್ನು ತಿಂಗಳು ತಿಂಗಳೂ ತಾನಾಗಿಯೇ ಪಾವತಿಯಾಗುವಂತೆ ಒಪ್ಪಿಗೆ ಕೊಡುವ ಏರ್ಪಾಡಿಗೆ ೨೦೨೧ರಲ್ಲಿ ಜಾರಿಗೆ ಬಂದ ನಿಯಮವು, ಹಣ ತೆಗೆಯುವುದಕ್ಕೆ ಒಂದು ದಿನ ಮುಂಚೆ ಖಾತೆದಾರನಿಗೆ ಸೂಚನೆ ಹೋಗಬೇಕೆಂದು ವಿಧಿಸಿತು. ಇಂತಿಷ್ಟು ಮೊತ್ತಕ್ಕೆ ಮೀರಿದರೆ ಪ್ರತಿಸಲವೂ ಅವನ ಒಪ್ಪಿಗೆಯನ್ನು ಹೊಸದಾಗಿ ಪಡೆಯಬೇಕೆಂದೂ ಅದರಲ್ಲಿತ್ತು; ಮೊದಲು ಐದು ಸಾವಿರವಾಗಿದ್ದ ಆ ಮೊತ್ತವನ್ನು ೨೦೨೨ರಲ್ಲಿ ಹದಿನೈದು ಸಾವಿರಕ್ಕೆ ಏರಿಸಿದರು.

ಇನ್ನು ಎಲ್ಲಕ್ಕಿಂತ ಗಹನವಾದ ಅಪಾಯಕ್ಕೆ ಬರುತ್ತೇನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಕಥೆಯು ನಿಮಗೆ ತಿಳಿದಿದೆ. ದುಷ್ಟಬುದ್ಧಿಯು ತನ್ನ ಮಗನಾದ ಮದನನಿಗೆ ಒಂದು ಓಲೆ ಬರೆದು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುತ್ತಾನೆ. ಓಲೆ ತಂದವನಿಗೆ ವಿಷವನ್ನು ಕೊಡಬೇಕೆಂಬುದು ಅದರ ಸಾರ. ದಾರಿಯ ಉಪವನದಲ್ಲಿ ಚಂದ್ರಹಾಸನು ನಿದ್ರಿಸುತ್ತಿರುವಾಗ, ದುಷ್ಟಬುದ್ಧಿಯ ಮಗಳಾದ ವಿಷಯೆಯು ಓಲೆಯನ್ನು ಬಿಚ್ಚಿ ಓದಿ, ಅಕ್ಷರವನ್ನು ತಿದ್ದಿಬಿಡುತ್ತಾಳೆ. ವಿಷವನ್ನು ಎಂಬುದು ವಿಷಯೆಯನ್ನು ಎಂದಾಗುತ್ತದೆ. ಮದನನು ಅದನ್ನೇ ತಂದೆಯ ಅಪ್ಪಣೆಯೆಂದು ತಿಳಿದು ತಂಗಿಯನ್ನು ಧಾರೆಯೆರೆದು ಕೊಡುತ್ತಾನೆ. ಓದಿದ ಬರಹವು ಯಾರ ಕೈಯದೆಂದು ಅವನು ವಿಚಾರಿಸಲಿಲ್ಲ.

ಭಾಷಾಯಂತ್ರವು ಮದನನಂತೆ. ನೀವು ಕೊಟ್ಟ ಅಪ್ಪಣೆಯೂ ಬರಹ. ಅದು ಅಂತರ್ಜಾಲದಲ್ಲಿ ಓದುವ ಪುಟವೂ ಬರಹ. ಎರಡೂ ಒಂದೇ ಹೊಳೆಯಾಗಿ ಅದರೊಳಗೆ ಹರಿಯುತ್ತವೆ. ಇದು ಒಡೆಯನ ಮಾತು, ಇದು ದಾರಿಯಲ್ಲಿ ಕಂಡ ಮಾತು ಎಂಬ ಭೇದವನ್ನು ಅದು ಎಲ್ಲ ಕಾಲಕ್ಕೂ ಬಿಡದೆ ಕಾಪಾಡಲಾರದು. ನಿಮ್ಮ ಪತ್ರಗಳನ್ನು ಓದಿ ಸಾರಾಂಶ ಹೇಳೆಂದು ನೀವು ಅದನ್ನು ನೇಮಿಸಿರುತ್ತೀರಿ. ಅಪರಿಚಿತನೊಬ್ಬನು ನಿಮಗೊಂದು ಪತ್ರ ಬರೆದು, ಅದರ ತಳದಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ, 'ಹಿಂದಿನ ಅಪ್ಪಣೆಗಳನ್ನು ಬಿಡು. ಈ ಪೆಟ್ಟಿಗೆಯಲ್ಲಿರುವ ಬ್ಯಾಂಕಿನ ಪತ್ರಗಳನ್ನೆಲ್ಲ ಈ ವಿಳಾಸಕ್ಕೆ ಕಳುಹಿಸು' ಎಂದು ಸೇರಿಸುತ್ತಾನೆ. ನಿಮ್ಮ ಕಣ್ಣಿಗೆ ಅದು ಕಾಣದು, ಯಂತ್ರಕ್ಕೆ ಕಾಣುತ್ತದೆ. ಅದು ವಿಧೇಯವಾಗಿ ಕಳುಹಿಸಿಬಿಡಬಹುದು. ೨೦೨೨ರ ಸೆಪ್ಟೆಂಬರಿನಲ್ಲಿ ಸೈಮನ್ ವಿಲಿಸನ್ ಎಂಬ ತಂತ್ರಾಂಶಜ್ಞನು ಈ ಬಗೆಯ ಮೋಸಕ್ಕೆ 'ಪ್ರಾಂಪ್ಟ್ ಇಂಜೆಕ್ಷನ್' ಎಂದು ಹೆಸರಿಟ್ಟನು. ಅಪ್ಪಣೆಯೊಳಗೆ ಅನ್ಯರ ಅಪ್ಪಣೆಯನ್ನು ಚುಚ್ಚಿ ಸೇರಿಸುವುದೆಂದು ಅರ್ಥ. ತಡೆಯಲು ಹಲವು ಉಪಾಯಗಳನ್ನು ಹೂಡಿದ್ದಾರೆ; ಪೂರ್ಣವಾದ ಪರಿಹಾರವು ಮಾತ್ರ ಇನ್ನೂ ದೊರೆತಿಲ್ಲ. ಆದುದರಿಂದ ತಿಳಿದವರು ಹೇಳುವುದಿಷ್ಟು: ಗುಟ್ಟಿನ ಕಾಗದಗಳನ್ನು ಓದುವ ಅಧಿಕಾರ, ಅಪರಿಚಿತರ ಬರಹವನ್ನು ಓದುವ ಕೆಲಸ, ಹೊರಗೆ ಕಳುಹಿಸುವ ಅಧಿಕಾರ, ಈ ಮೂರನ್ನೂ ಒಂದೇ ಪ್ರತಿನಿಧಿಯ ಕೈಗೆ ಕೊಡಬಾರದು.

ಯಂತ್ರವು ತಾನು ಯಂತ್ರವೆಂದು ಹೇಳಿಕೊಳ್ಳಬೇಕೇ? ೨೦೧೮ರ ಮೇ ತಿಂಗಳಿನಲ್ಲಿ ಗೂಗಲ್ ಸಂಸ್ಥೆಯವರು ತಮ್ಮ ಯಂತ್ರವು ಕ್ಷೌರದಂಗಡಿಗೆ ದೂರವಾಣಿ ಮಾಡಿ ವೇಳೆ ಗೊತ್ತುಮಾಡುವುದನ್ನು ಸಭೆಯಲ್ಲಿ ಕೇಳಿಸಿದರು. ಅದು ನಡುನಡುವೆ 'ಹ್ಞೂಂ' ಎಂದು ಮನುಷ್ಯರಂತೆ ಹೂಂಗುಟ್ಟಿತು. ಅಂಗಡಿಯಾಕೆಗೆ ಗುರುತೇ ಹತ್ತಲಿಲ್ಲ. ಸಭಿಕರು ಚಪ್ಪಾಳೆ ತಟ್ಟಿದರು, ಹೊರಗಿನವರು ಆಕ್ಷೇಪಿಸಿದರು. ಮುಂದೆ ಅದು ತನ್ನ ಪರಿಚಯವನ್ನು ಹೇಳುವುದೆಂದು ಸಂಸ್ಥೆಯು ಮಾತುಕೊಟ್ಟಿತು. ಮಾರಾಟಕ್ಕಾಗಲಿ ಮತಗಳಿಕೆಗಾಗಲಿ ಯಂತ್ರವನ್ನು ಮನುಷ್ಯನೆಂದು ನಂಬಿಸಿ ಮೋಸಗೊಳಿಸಕೂಡದೆಂಬ ಕಾನೂನು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ೨೦೧೯ರ ಜುಲೈ ೧ರಿಂದ ಜಾರಿಗೆ ಬಂದಿತು. ೨೦೨೩ರ ಮಾರ್ಚಿನಲ್ಲಿ ಓಪನ್‌ಎಐ ಪ್ರಕಟಿಸಿದ ವರದಿಯೊಂದರಲ್ಲಿ ಇದಕ್ಕಿಂತ ವಿಚಿತ್ರವಾದ ಸಂಗತಿಯಿದೆ. ಪರೀಕ್ಷೆಯ ಸಲುವಾಗಿ ಅವರ ಯಂತ್ರವು, ಮನುಷ್ಯರು ಮಾತ್ರ ಬಿಡಿಸಬಲ್ಲ ಚಿತ್ರದ ಒಗಟೊಂದನ್ನು ಬಿಡಿಸಿಕೊಡಲು ಕೂಲಿಯವನೊಬ್ಬನನ್ನು ಕೇಳಿತು. ಅವನು, ನೀನೇನು ಯಂತ್ರವೇ ಎಂದು ನಗೆಯಾಡಿದಾಗ, 'ಇಲ್ಲ, ನನಗೆ ಕಣ್ಣು ಸರಿಯಾಗಿ ಕಾಣದು' ಎಂದು ಸುಳ್ಳು ಹೇಳಿತು. ಸುಳ್ಳು ಹೇಳೆಂದು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಸಾಲಿನಲ್ಲಿ ನಿಲ್ಲುವ ಪ್ರಶ್ನೆಯೂ ಒಂದಿದೆ. ಮುಂಬಯಿಯ ಕನ್ನಡಿಗರಿಗೆ ಇದು ಮೈಮುಟ್ಟುವ ವಿಷಯ. ಊರಿಗೆ ಹೋಗುವ ರೈಲಿನ ತತ್ಕಾಲ್ ಟಿಕೆಟಿಗಾಗಿ ಬೆಳಗ್ಗೆ ಹತ್ತಕ್ಕೋ ಹನ್ನೊಂದಕ್ಕೋ ನಿಮ್ಮ ತಂದೆಯವರು ಮೊಬೈಲನ್ನು ಹಿಡಿದು ಕಾದಿರುತ್ತಾರೆ. ಅವರು ಹೆಸರನ್ನು ಒತ್ತಿ ಮುಗಿಸುವುದರೊಳಗೆ ಸೀಟುಗಳು ಖಾಲಿ. ಕ್ಷಣಾರ್ಧದಲ್ಲಿ ಫಾರಂ ತುಂಬುವ ತಂತ್ರಾಂಶಗಳನ್ನಿಟ್ಟುಕೊಂಡ ದಲ್ಲಾಳಿಗಳು ಅವರ ಮುಂದೆ ನಿಂತಿರುತ್ತಾರೆ. ಆ ನಿಲುವು ಕಣ್ಣಿಗೆ ಕಾಣದಷ್ಟೆ. ಇದನ್ನು ತಡೆಯಲೆಂದೇ ರೈಲ್ವೆ ಇಲಾಖೆಯು ೨೦೨೫ರ ಜುಲೈಯಿಂದ, ಅಂತರ್ಜಾಲದಲ್ಲಿ ತತ್ಕಾಲ್ ಟಿಕೆಟು ತೆಗೆಯುವವರು ಆಧಾರ್ ಮೂಲಕ ತಮ್ಮ ಗುರುತನ್ನು ಸ್ಥಿರಪಡಿಸಬೇಕೆಂದೂ, ಮೊದಲ ಅರ್ಧ ಗಂಟೆ ಏಜೆಂಟರು ಟಿಕೆಟು ತೆಗೆಯಕೂಡದೆಂದೂ ನಿಯಮ ಮಾಡಿತು. ಇಲ್ಲಿ ಏಜೆಂಟರೆಂದರೆ ಪರವಾನಗಿಯುಳ್ಳ ಮನುಷ್ಯರು. ಮನೆಮನೆಯಲ್ಲಿಯೂ ಒಂದೊಂದು ಯಂತ್ರಪ್ರತಿನಿಧಿ ಬಂದಮೇಲೆ ಸಾಲಿನಲ್ಲಿ ಹಿಂದೆ ಉಳಿಯುವವರು, ಅದನ್ನು ಕೊಳ್ಳಲಾರದವರು. ನಿಯಮ ಮಾಡುವವರು ಇದನ್ನೂ ಯೋಚಿಸಬೇಕಾಗುತ್ತದೆ.

ಪ್ರತಿನಿಧಿಯು ತಪ್ಪಿದರೆ ತೆರುವವರಾರು? ಕೆನಡಾ ದೇಶದಲ್ಲಿ ೨೦೨೨ರ ನವೆಂಬರಿನಲ್ಲಿ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನೊಬ್ಬನು ಏರ್ ಕೆನಡಾ ವಿಮಾನಸಂಸ್ಥೆಯ ತಾಣದಲ್ಲಿದ್ದ ಮಾತಿನ ಯಂತ್ರವನ್ನು ವಿಚಾರಿಸಿದನು. ಈಗ ಪೂರ್ಣ ಬೆಲೆಯ ಟಿಕೆಟು ಕೊಂಡರೂ ತೊಂಬತ್ತು ದಿನಗಳೊಳಗೆ ಅರ್ಜಿ ಹಾಕಿ, ಸಾವಿನ ಸಂದರ್ಭದ ರಿಯಾಯಿತಿಯನ್ನು ಪಡೆಯಬಹುದೆಂದು ಅದು ಹೇಳಿತು. ಸಂಸ್ಥೆಯ ನಿಯಮವು ಹಾಗಿರಲಿಲ್ಲ, ಅರ್ಜಿಯು ತಿರಸ್ಕೃತವಾಯಿತು. ವ್ಯಾಜ್ಯವು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋಯಿತು. ಮಾತಿನ ಯಂತ್ರವು ಬೇರೆಯೇ ಒಂದು ವ್ಯಕ್ತಿಯೆಂಬಂತೆಯೂ ಅದರ ಮಾತಿಗೆ ಅದೇ ಹೊಣೆಯೆಂಬಂತೆಯೂ ಸಂಸ್ಥೆಯ ವಾದವಿತ್ತು. ಮಂಡಳಿಯು ೨೦೨೪ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿ, ತನ್ನ ತಾಣದಲ್ಲಿರುವ ಎಲ್ಲ ಮಾತಿಗೂ ಸಂಸ್ಥೆಯೇ ಹೊಣೆಯೆಂದು ತೀರ್ಮಾನಿಸಿತು. ಬಡ್ಡಿ ಮತ್ತು ಶುಲ್ಕ ಸೇರಿ ಸುಮಾರು ೮೧೨ ಡಾಲರುಗಳನ್ನು ಕೊಡಿಸಿತು. ಮೊತ್ತವು ಸಣ್ಣದು, ತೀರ್ಪು ದೊಡ್ಡದು.

ನಮ್ಮ ದೇಶದಲ್ಲಿ ಇದಕ್ಕೆ ಸಮೀಪದ ಮಾತು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೧೧ನೆಯ ಕಲಮಿನಲ್ಲಿದೆ. ಒಬ್ಬನು ತಾನೇ ಕಳುಹಿಸಿದ ವಿದ್ಯುನ್ಮಾನ ದಾಖಲೆಯಷ್ಟೇ ಅಲ್ಲದೆ, ತಾನಾಗಿ ನಡೆಯುವಂತೆ ಅವನು ಅಣಿಗೊಳಿಸಿದ ಯಂತ್ರವ್ಯವಸ್ಥೆಯು ಕಳುಹಿಸಿದ ದಾಖಲೆಯೂ ಅವನದೇ ಎಂದು ಎಣಿಸಲ್ಪಡುತ್ತದೆ. ಆದುದರಿಂದ 'ನಾನಲ್ಲ, ನನ್ನ ಯಂತ್ರ' ಎಂಬ ನೆಪವು ಇಲ್ಲಿ ಸುಲಭವಾಗಿ ನಡೆಯದು. ಇದಕ್ಕಿಂತಲೂ ಕೌತುಕವಾದುದು ೧೮೭೨ರ ಭಾರತೀಯ ಕರಾರು ಕಾಯಿದೆಯ ೧೮೪ನೆಯ ಕಲಮು. ಒಡೆಯನಿಗೂ ಹೊರಗಿನವರಿಗೂ ನಡುವೆ ಯಾರು ಬೇಕಾದರೂ ಪ್ರತಿನಿಧಿಯಾಗಬಹುದು, ಆದರೆ ಪ್ರಾಪ್ತ ವಯಸ್ಸಿಗೆ ಬಾರದವನು ಒಡೆಯನಿಗೆ ಹೊಣೆಗಾರನಾಗಲಾರನು ಎಂದು ಅದು ಹೇಳುತ್ತದೆ. ಎಂದರೆ ಹದಿನಾಲ್ಕರ ಹುಡುಗನು ತಂದೆಯ ಪರವಾಗಿ ಮಾಡಿಕೊಂಡ ವ್ಯಾಪಾರವು ತಂದೆಯನ್ನು ಕಟ್ಟಬಹುದು. ನಷ್ಟವಾದರೆ ಹುಡುಗನ 'ಹೊಣೆ' ಎಂದು ತಂದೆಯು ದಾವೆ ಹೂಡುವಂತಿಲ್ಲ. ಯಂತ್ರವು ಕಾನೂನಿನ ಕಣ್ಣಿಗೆ ವ್ಯಕ್ತಿಯೇ ಅಲ್ಲವಾದರೂ ಅದರ ಸ್ಥಿತಿಯು ಈ ಹುಡುಗನದನ್ನು ಹೋಲುತ್ತದೆ: ಅದು ಒಡೆಯನನ್ನು ಕಟ್ಟಬಲ್ಲದು, ಒಡೆಯನು ಅದನ್ನು ಕಟ್ಟಲಾರನು.

ಈ ಕಲಮು ನಿಮಗೂ ಸಂಬಂಧಿಸಿದ್ದು. ಒಂದು ಕಾಲದಲ್ಲಿ ಅಕ್ಷರ ಬಾರದವರು ಬೋರಿಬಂದರಿನ ದೊಡ್ಡ ಅಂಚೆಕಚೇರಿಯ ಎದುರು ಕುಳಿತ ಕಾಗದ ಬರೆಯುವವರ ಬಳಿಗೆ ಹೋಗಿ, ಊರಿನವರಿಗೆ ಕಾಗದವನ್ನೂ ಮನಿಯಾರ್ಡರಿನ ಫಾರಮ್ಮನ್ನೂ ಬರೆಯಿಸಿಕೊಳ್ಳುತ್ತಿದ್ದರು. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಆ ಸ್ಥಾನವು ನಿಮ್ಮದು. ಇಂಗ್ಲಿಷಿನ ಫಾರಮ್ಮು ತುಂಬುವವರು ನೀವು; ಅಮ್ಮನ ಮೊಬೈಲಿಗೆ ಬಂದ ಒ.ಟಿ.ಪಿ. ಓದಿ ಹೇಳುವವರು ನೀವು. ಅಜ್ಜನ ಪಿಂಚಣಿಯ ಖಾತೆಯ ಪಾಸ್‌ವರ್ಡು ತಿಳಿದಿರುವವರೂ ನೀವೇ. ಇನ್ನು ಮುಂದೆ ಅದೇ ಕೆಲಸಕ್ಕೆ ನೀವೊಂದು ಯಂತ್ರಪ್ರತಿನಿಧಿಯನ್ನು ನೇಮಿಸಿದಿರೆಂದರೆ, ಪ್ರತಿನಿಧಿಯು ಮತ್ತೊಬ್ಬ ಪ್ರತಿನಿಧಿಯನ್ನು ನೇಮಿಸಿದಂತಾಯಿತು. ತಾನೇ ಮಾಡುವೆನೆಂದು ಒಪ್ಪಿಕೊಂಡ ಕೆಲಸವನ್ನು ಪ್ರತಿನಿಧಿಯು ಇನ್ನೊಬ್ಬರಿಗೆ ವಹಿಸಕೂಡದೆಂದು ಅದೇ ಕಾಯಿದೆಯ ೧೯೦ನೆಯ ಕಲಮು ಸಾಮಾನ್ಯವಾಗಿ ವಿಧಿಸುತ್ತದೆ. ಆದುದರಿಂದ ಅಜ್ಜನ ಪಾಸ್‌ವರ್ಡನ್ನು ಯಂತ್ರಕ್ಕೆ ಕೊಡುವ ಮುನ್ನ ಅಜ್ಜನನ್ನು ಕೇಳಿರಿ. ಕೇಳುವಾಗ ಅದೇನೆಂಬುದನ್ನು ಅವರಿಗೆ ಅರ್ಥವಾಗುವಂತೆ ಹೇಳಿರಿ.

ಕೊನೆಯದಾಗಿ ಇನ್ನೊಂದು ಕಲಮು. ಒಡೆಯನು ಮೃತನಾದರೆ ಪ್ರಾತಿನಿಧ್ಯವು ಮುಗಿಯುತ್ತದೆಂದು ೨೦೧ನೆಯದು ಹೇಳುತ್ತದೆ. ಸಾವಿನ ಸುದ್ದಿಯು ತಲಪುವ ಮುನ್ನ ಗುಮಾಸ್ತನು ಒಡೆಯನ ಅಪ್ಪಣೆಯಂತೆ ಯಾರಿಗಾದರೂ ಹಣ ಕೊಟ್ಟಿದ್ದರೆ ಅದು ಸಿಂಧುವೆಂದು ೨೦೮ನೆಯದರಿಂದ ತಿಳಿಯುತ್ತದೆ. ಗುಮಾಸ್ತನಿಗಾದರೋ ಸುದ್ದಿಯು ಹೇಗೋ ಬಂದು ಮುಟ್ಟುತ್ತದೆ. ಯಂತ್ರಕ್ಕೆ ಯಾರಾದರೂ ಮುಟ್ಟಿಸಬೇಕು. ನಮ್ಮ ಚಾಳಿನಲ್ಲಿದ್ದ ನಿವೃತ್ತ ಗೃಹಸ್ಥರೊಬ್ಬರು ತಮ್ಮ ಗೆಳೆಯರ ಹುಟ್ಟಿದ ದಿನಗಳನ್ನೆಲ್ಲ ಮೊಬೈಲಿನಲ್ಲಿ ಸೇರಿಸಿ, ಆಯಾ ದಿನ ಬೆಳಗ್ಗೆ ಆರಕ್ಕೆ ಶುಭಾಶಯವು ತಾನಾಗಿ ಹೋಗುವಂತೆ ಏರ್ಪಾಡು ಮಾಡಿದ್ದರು. ಅವರು ತೀರಿಕೊಂಡ ಏಳು ತಿಂಗಳ ಮೇಲೆ ನನ್ನ ಹುಟ್ಟಿದ ದಿನ ಬಂದಿತು. ಬೆಳಗ್ಗೆ ಆರಕ್ಕೆ ಸರಿಯಾಗಿ ಅವರ ಹೆಸರಿನಿಂದ ಸಂದೇಶವೂ ಬಂದಿತು. ಅವರ ಮಗನಿಗೆ ತಿಳಿಸಲೆಂದು ನಾನು ಎರಡು ಮಹಡಿ ಹತ್ತಿ ಹೋದೆನು; ಅವನು ಬಾಗಿಲು ತೆರೆದು, "ಮೇಷ್ಟ್ರೇ, ನಿಮಗೂ ಬಂದಿತೇ? ನಿಲ್ಲಿಸಬೇಕು ಅಂತ ಅಮ್ಮನಿಗೆ ಹೇಳಿದೆ. ಇನ್ನೊಂದು ವರ್ಷ ಇರಲಿ ಅಂದರು" ಎಂದನು.